ಮೂರನೇ ಬೀಗ

"ತಗೊಳಪ್ಪ, ನಿಮ್ಮಪ್ಪನ ಬೀಗ," ಎಂದು ಹಲ್ಲಿನ ಡಾಕ್ಟರು ಅದನ್ನು ಶವದ ಪಕ್ಕದ ಟೀಪಾಯಿಯ ಮೇಲೆ ಕುಕ್ಕಿದರು. "ಬೆಳಿಗ್ಗೆನೇ ನಾವಿಬ್ರೂ ಸೇರಿ ಶೆಡ್ಡಿಂದ ಬಿಡಿಸಿದ್ವಿ. ವಿಮಾನದಲ್ಲಿ ಪಾಲು ಇಟ್ಕೊಳ್ಳೋಕೂ ಯೋಗ್ಯತೆ ಬೇಕು. ಸ್ಕೂಲೇ ಮುಗಿಸದೋನು ವಿಮಾನ ಹಾರಿಸ್ತಾನಂತೆ!"

ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂತಿದ್ದವರು ಅಳು ನಿಲ್ಲಿಸಿ ನೋಡಿದರು. ಯಾರೋ ಕೆಮ್ಮಿದರು. ಅಪ್ಪನ ಅಂಗಿಯ ಗುಂಡಿ ಹಾಕುತ್ತಿದ್ದ ಮಗನ ಕೈ ಅಲ್ಲೇ ನಿಂತಿತು.

"ಅಪ್ಪನ್ನ ಇನ್ನೂ ಮನೆಯಿಂದ ಎತ್ತಿಲ್ಲ ಡಾಕ್ಟ್ರೇ. ಅಷ್ಟು ಹೊತ್ತಾದ್ರೂ ತಡ್ಕೋಬಾರ್ದಾ?"

"ಕಾನೂನು ತಡ್ಕೊಳ್ಳುತ್ತಾ?" ಎಂದರು ಕಂಟ್ರಾಕ್ಟರು, ವಿಮಾನದ ಇನ್ನೊಬ್ಬ ಪಾಲುದಾರರು. "ನೀವೊಂದು ತೀರ್ಮಾನಕ್ಕೆ ಬರೋವರೆಗೂ ವಿಮಾನ ನೆಲ ಬಿಡೋ ಹಾಗಿಲ್ಲ. ನಿಮ್ಮಪ್ಪನ ಪಾಲು ಕೊಳ್ಳೋರು ಸಂಜೆ ನೋಡೋಕೆ ಬರ್ತಿದಾರೆ. ಹೂಂ ಅಂದ್ಬಿಡು, ಮುಗೀತು."

"ನಾನು ಮಾರಲ್ಲ."

ಅಕ್ಕ ಅವನ ರಟ್ಟೆ ಹಿಡಿದು ಅಡುಗೆಮನೆಗೆ ಎಳೆದೊಯ್ದಳು. "ಮೂರರಲ್ಲೊಂದು ಪಾಲು ವಿಮಾನ ಇಟ್ಕೊಂಡು ಏನ್ ಮಾಡ್ತೀಯೋ? ರೆಕ್ಕೆ ಕಿತ್ಕೊಂಡು ಬಂದು ಮನೆಗೆ ಚಾವಣಿ ಹಾಕ್ತೀಯಾ?"

"ಅಪ್ಪ ನಂಗೆ ಕಲಿಸ್ತೀನಿ ಅಂದಿದ್ರು."

"ಅಪ್ಪನೇ ಇಲ್ವಲ್ಲೋ!" ಎಂದವಳೇ ನಲ್ಲಿ ತಿರುಗಿಸಿ, ನೀರಿನ ಸದ್ದಿನಲ್ಲಿ ಅತ್ತಳು.

*

ಅಪ್ಪ ಕಾರಿನ ಸೀಟು ಹೊಲಿಯುತ್ತಿದ್ದ. ಅವನು, ಡಾಕ್ಟರು, ಕಂಟ್ರಾಕ್ಟರು, ಮಾತೆತ್ತಿದರೆ ಜಗಳವಾಡುವ ಈ ಮೂವರೂ ಸೇರಿ ಎರಡು ಸೀಟಿನ ಹಳೆಯ ವಿಮಾನವೊಂದನ್ನು ಕೊಂಡಿದ್ದರು. ಕೀಲಿಯ ವಿಷಯದಲ್ಲಿ ಒಬ್ಬರಿಗೊಬ್ಬರ ಮೇಲೆ ನಂಬಿಕೆಯಿರಲಿಲ್ಲ. ಹಾಗಾಗಿ ಶೆಡ್ಡಿನ ಸರಪಳಿಯ ಎರಡು ತುದಿಗಳ ನಡುವೆ ಮೂರು ಬೀಗಗಳನ್ನು ಒಂದಕ್ಕೊಂದು ಕೋದಿದ್ದರು, ಅಪ್ಪನದು ನಡುವೆ. ಯಾರು ತಮ್ಮ ಬೀಗ ತೆಗೆದರೂ ಬಾಗಿಲು ತೆರೆಯುತ್ತಿತ್ತು.

ಮಗ ಸ್ಕೂಲು ಬಿಟ್ಟು ಬಂದ ದಿನ ಅಪ್ಪ ಬೈಯಲಿಲ್ಲ. ಸುಮ್ಮನೆ ಕರೆದೊಯ್ದು ವಿಮಾನ ಹತ್ತಿಸಿದ. ಮೇಲೆ ಹೋದ ಮೇಲೆ ಚಾಲನೆಯ ಹಿಡಿಕೆ ತೋರಿಸಿ, "ಹಿಡ್ಕೋ" ಎಂದ. ಮಗ ಹಿಡಿದ. "ಅಯ್ಯೋ ಮಾರಾಯ, ಕೋಣದ ಕೊಂಬು ಹಿಡ್ದಂಗೆ ಹಿಡೀಬೇಡ್ವೋ. ಅದಕ್ಕೆ ಹಾರೋದು ಗೊತ್ತು, ನೀನು ಅಡ್ಡ ಬರದಿದ್ರೆ ಸಾಕು."

ಕೈ ಸಡಿಲವಾಯಿತು. ವಿಮಾನದ ನಡುಕ ನಿಂತಿತು.

"ಈಗ ಕೆಳಗೆ ನೋಡು. ನಿನ್ನ ಸ್ಕೂಲು ಕಾಣ್ತಾ?"

ಸೋಪಿನ ಪೆಟ್ಟಿಗೆಯಷ್ಟಿತ್ತು. ಇಬ್ಬರೂ ಬಿದ್ದು ಬಿದ್ದು ನಕ್ಕಿದ್ದರು.

*

ಎಲ್ಲ ಮುಗಿಸಿ, ಸಂಜೆ ಅವನು ಮಣ್ಣು ಮೆತ್ತಿದ ಚಪ್ಪಲಿಯಲ್ಲೇ ಶೆಡ್ಡಿಗೆ ಬಂದ. ಸರಪಳಿಯಲ್ಲಿ ಎರಡೇ ಬೀಗಗಳು ಉಳಿದಿದ್ದವು. ಅಪ್ಪನದಿದ್ದ ಜಾಗ ಬಿಡದೆ ಆ ಎರಡನ್ನೇ ಒಂದಕ್ಕೊಂದು ಕೋದುಬಿಟ್ಟಿದ್ದರು. ಅವನು ಜೇಬಿನಿಂದ ಅಪ್ಪನ ಬೀಗ ತೆಗೆದು, ಅಪ್ಪನ ಕೀಲಿಯಿಂದ ಬಿಚ್ಚಿದ. ಸರಪಳಿಯ ಎರಡು ತುದಿಗಳನ್ನು ಎಳೆದು ಜೋಡಿಸಿ, ನೇರವಾಗಿ ಅವೆರಡಕ್ಕೇ ಹಾಕಿ ಒತ್ತಿದ. ಇನ್ನು ಉಳಿದೆರಡು ಬೀಗಗಳು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಕೀಲಿಯನ್ನು ಜೇಬಿಗಿಳಿಸಿದ.

ಅಷ್ಟರಲ್ಲಿ ಕಾರು ಬಂತು. ಡಾಕ್ಟರು, ಕಂಟ್ರಾಕ್ಟರು, ಜೊತೆಗೆ ಕೊಳ್ಳಲು ಬಂದ ಅಪರಿಚಿತ.

"ಬನ್ನಿ ಸಾರ್, ಬನ್ನಿ. ಎಂಜಿನ್ ಏನೂ ತೊಂದ್ರೆ ಇಲ್ಲ," ಎನ್ನುತ್ತ ಡಾಕ್ಟರು ತಮ್ಮ ಬೀಗ ತೆಗೆದರು. ಎಳೆದರು. ಇನ್ನೊಮ್ಮೆ ಎಳೆದರು. ಕಂಟ್ರಾಕ್ಟರೂ ತಮ್ಮದನ್ನು ತೆಗೆದರು.

"ಏಯ್! ಏನೋ ಮಾಡಿದೆ? ನಿಂಗೇ ಹೇಳ್ತಿರೋದು ಕಣೋ, ತೆಗಿಯೋ!"

ಅವನು ಆಗಲೇ ಗೇಟು ದಾಟುತ್ತಿದ್ದ, ಎರಡೂ ಕೈಗಳನ್ನು ಸಡಿಲವಾಗಿ ಇಳಿಬಿಟ್ಟುಕೊಂಡು. ಹಿಂದೆ ಎರಡು ಬೀಗಗಳು ಬಾಯಿ ತೆರೆದು ಜೋತಾಡುತ್ತಿದ್ದವು. ಸರಪಳಿ ಅಲುಗಲಿಲ್ಲ.