ಹಿಂಬದಿ ಮೆಟ್ಟಿಲಿನ ಪರೀಕ್ಷೆ

ರತ್ನಗಂಬಳಿ ರಿಪೇರಿ ಮಾಡುವ ಆ ಹೊಸ ಕಾರ್ಖಾನೆಯ ನಕ್ಷೆ ಬರೆದವನು ಬೆಳಗಿನಿಂದ ಮೂರು ಸಲ ಅದರ ಮೆಟ್ಟಿಲು ಎಣಿಸಿದ್ದ. ಬೆಂಕಿ ಬಿದ್ದರೆ ಜನ ಇಳಿಯಲು ಹಿಂಬದಿಗೊಂದು ಮೆಟ್ಟಿಲು ಬೇಕೇ ಬೇಕು ಎಂದು ಹಟ ಹಿಡಿದು, ಹುಟ್ಟಿದ ಮೇಲೆ ಮೊದಲ ಸಲ ಒಂದು ವಾದ ಗೆದ್ದಿದ್ದ. ಗೆದ್ದ ಮೇಲೆ ನೆಟ್ಟಗೆ ನಿದ್ದೆ ಮಾಡಿರಲಿಲ್ಲ.

ಇವತ್ತು ಅಗ್ನಿಶಾಮಕ ಅಧಿಕಾರಿ ಗಂಟೆ ಬಾರಿಸಿ ಪರೀಕ್ಷೆ ಮಾಡುವ ದಿನ. ಮಾಲೀಕರು ಮೊದಲೇ ಹೇಳಿಬಿಟ್ಟಿದ್ದರು: "ನೋಡಪ್ಪಾ, ನಿನ್ನ ಮೆಟ್ಟಿಲಲ್ಲಿ ಜನ ಇಳಿದರೆ ಸರಿ. ಇಲ್ಲಾಂದ್ರೆ ನಾಳೆಯಿಂದ ಅಲ್ಲಿ ಉಣ್ಣೆ ಮೂಟೆ ಪೇರಿಸ್ತೀನಿ."

ಗಂಟೆ ಹೊಡೆಯಿತು. ಅವನು ಹಿಂಬದಿ ಮೆಟ್ಟಿಲಿನ ಬುಡದಲ್ಲಿ ಬೀಗರನ್ನು ಎದುರುಗೊಳ್ಳುವವನ ಹಾಗೆ ನಿಂತ. ಒಂದು ಬೆಕ್ಕು ಇಳಿದು ಬಂತು. ಅವನ ಮುಖ ನೋಡಿ ಮತ್ತೆ ಮೇಲಕ್ಕೇ ಹೋಯಿತು.

ಮುಂಬದಿಯಿಂದ ಗದ್ದಲ ಕೇಳಿಸಿತು. ಓಡಿ ಹೋಗಿ ನೋಡಿದರೆ, ಇಡೀ ಕಾರ್ಖಾನೆ ಮುಂದಿನ ಮೆಟ್ಟಿಲಿಳಿದು ಮುಂಬಾಗಿಲ ಪಕ್ಕದ ಚಪ್ಪಲಿಯ ಮರದ ಗೂಡಿನ ಮುಂದೆ ಸಿಕ್ಕಿಕೊಂಡಿದೆ! ಕಂಬಳಿಗಳು ಬೆಲೆಬಾಳುವಂಥವು, ಹಾಗಾಗಿ ಎಲ್ಲರದೂ ಬರಿಗಾಲಿನ ಕೆಲಸ. ಒಬ್ಬನ ಎಡಗಾಲಿನದು ಇನ್ನೊಬ್ಬಳ ಕೈಯಲ್ಲಿ. ಎಲ್ಲರಿಗಿಂತ ಮುಂದೆ, ಅಲ್ಲೇ ಹೊಲಿಗೆ ಕೆಲಸದಲ್ಲಿದ್ದ ಅವನ ಸ್ವಂತ ಚಿಕ್ಕಮ್ಮ, ಗೂಡಿನೊಳಗೆ ತಲೆ ತೂರಿಸಿ ದಾರಿ ಕಟ್ಟಿಬಿಟ್ಟಿದ್ದಳು.

"ಚಿಕ್ಕಮ್ಮಾ, ಬೆಂಕಿ ಬಿದ್ದಿದೆ ಅಂದ್ಕೋ! ಚಪ್ಪಲಿ ಬಿಟ್ಟು ಬಾ!"

"ಯಾಕೋ ಬಿಡಲಿ? ಹೋದ ವಾರ ತಗೊಂಡಿದ್ದು. ಬೆಂಕಿ ಯಾವಾಗ ಬೇಕಾದ್ರೂ ಬೀಳತ್ತೆ, ನನ್ನ ಕಾಲಿನ ಅಳತೆ ಎಲ್ಲಿ ಸಿಗತ್ತೆ?"

ಅಧಿಕಾರಿ ಗಡಿಯಾರ ನೋಡಿಕೊಂಡರು. "ಇಷ್ಟು ಹೊತ್ತಿಗೆ ನೀವೆಲ್ಲ ಸುಟ್ಟ ಬದನೆಕಾಯಿ. ಊಟ ಆದಮೇಲೆ ಇನ್ನೊಂದು ಸಲ. ಅದೇ ಕೊನೆ."

ನಕ್ಷೆಗಾರ ತಲೆ ಮೇಲೆ ಕೈ ಹೊತ್ತು ಕೂತ. ಬಾಗಿಲಿನ ಅಗಲ ಸರಿ, ದೀಪ ಸರಿ, ಮೆಟ್ಟಿಲಿನ ಕಂಬಿ ಸರಿ. ನಕ್ಷೆ ಕಲಿಸಿದ ಸಂಜೆ ಕ್ಲಾಸಿನ ಮೇಷ್ಟ್ರು ಹೊಗೆಯ ಬಗ್ಗೆ ಹೇಳಿದ್ದರು, ಚಪ್ಪಲಿಯ ಬಗ್ಗೆ ತುಟಿ ಬಿಚ್ಚಿರಲಿಲ್ಲ. ಅಥವಾ ಹೇಳಿದ್ದರೋ ಏನೋ, ಅವತ್ತು ತಾನೇ ತೂಕಡಿಸಿದ್ದನೋ ಏನೋ.

"ಗೂಡನ್ನ ಹಿಂದಿನ ಮೆಟ್ಟಿಲ ಮೇಲೆ ಇಟ್ಟರೆ, ಸಾರ್?"

"ಇಳಿಯೋ ದಾರಿಯಲ್ಲಿ ಒಂದು ಕಡ್ಡಿ ಇದ್ದರೂ ಫೇಲು."

ಹಾಗಾದರೆ ಮೆಟ್ಟಿಲು ಮುಗಿದ ಮೇಲೆ, ಹಿತ್ತಲಿನ ಗೋಡೆಗೆ! ಚಿಕ್ಕಮ್ಮನನ್ನು ಕರೆದುಕೊಂಡು ಗೂಡು ಎತ್ತಿದ. ಅವಳು ದಾರಿಯುದ್ದಕ್ಕೂ "ನಿಮ್ಮಪ್ಪನಿಗೂ ಹೀಗೇ, ಊಟದ ಹೊತ್ತಿಗೇ ಬುದ್ಧಿ ಬರ್ತಿತ್ತು" ಅಂತ ಬೈದಳು. ಊಟ ಮುಗಿಸಿದವರು ಹಿತ್ತಲಲ್ಲಿ ಚಪ್ಪಲಿ ಬಿಟ್ಟು, ಗೊಣಗುತ್ತಾ ಹಿಂಬದಿ ಮೆಟ್ಟಿಲು ಹತ್ತಿದರು.

ಮತ್ತೆ ಗಂಟೆ. ಈ ಸಲ ಅವನು ಮೇಲಿನ ಅಂತಸ್ತಿನಲ್ಲೇ ನಿಂತ. ಚಪ್ಪಲಿ ಎಲ್ಲಿತ್ತೋ ಜನ ಅತ್ತಲೇ ನುಗ್ಗಿದರು. ದಬದಬ ಇಳಿದರು. ಮಾಲೀಕರೂ ಇಳಿದರು, ತಮ್ಮ ಬೂಟಿನ ಮೇಲಿನ ಪ್ರೀತಿಗೆ.

ಕೆಳಗೆ ತಲೆ ಎಣಿಸಿದ ಅಧಿಕಾರಿ ಕೂಗಿದರು. "ಮೇಲೆ ಇನ್ನೂ ಒಬ್ಬರಿದ್ದಾರೆ!"

ಅವನು ತಿರುಗಿ ಒಳಗೆ ಓಡಿದ. ಮೇಜಿನ ಕೆಳಗೆ ಹುಡುಕಿದ, ಸುತ್ತಿಟ್ಟ ಕಂಬಳಿಗಳ ಹಿಂದೆ ಹುಡುಕಿದ, ಟಾಯ್ಲೆಟ್ಟಿನ ಬಾಗಿಲು ತಟ್ಟಿದ. ಕಿಟಕಿಯಿಂದ ಬಗ್ಗಿ, "ಯಾರೂ ಇಲ್ಲ ಸಾರ್!" ಎಂದ.

"ಮಾತಾಡ್ತಿರೋದು ಯಾರು?"

"ನಾನು, ನಕ್ಷೆಯವನು."

ಹಿತ್ತಲೆಲ್ಲ ಗೊಳ್ಳೆಂದಿತು. "ಇಳಿಯೋ ಬೆಪ್ಪೇ, ಬೆಂದು ಹೋಗ್ತೀಯ!" ಎಂದಳು ಚಿಕ್ಕಮ್ಮ. ಅವನು ಬಿದ್ದಂಬೀಳ ಓಡಿದ. ಅರ್ಧ ಇಳಿದಮೇಲೆ ಹೊಗೆ ತಡೆಯುವ ಮೇಲಿನ ಬಾಗಿಲು ಮುಚ್ಚಿದೆನೋ ಇಲ್ಲವೋ ಅನ್ನಿಸಿ ತಿರುಗಿ ಹತ್ತಿದ. ಮುಚ್ಚಿತ್ತು. ಮತ್ತೆ ಇಳಿದ.

ಅಧಿಕಾರಿ ಗಡಿಯಾರ ಒತ್ತಿದರು. "ಕೂದಲೆಳೆಯಲ್ಲಿ ಪಾಸು. ಈ ಮೆಟ್ಟಿಲಲ್ಲಿ ಒಂದು ಮೂಟೆ ಕಂಡರೂ ಬೀಗ ಜಡೀತೀನಿ." ಮಾಲೀಕರು ಬೂಟಿನ ದಾರ ಕಟ್ಟುತ್ತಾ ತಲೆಯಾಡಿಸಿದರು.

ಎಲ್ಲರೂ ಚಪ್ಪಾಳೆ ತಟ್ಟಿದರು. ನಕ್ಷೆಗಾರ ಬೆವರು ಒರೆಸಿಕೊಂಡು, ಮೆಲ್ಲಗೆ ಕೇಳಿದ: "ಸಾರ್, ಖಾತ್ರಿಗೆ ಅಂತ ಇನ್ನೊಂದೇ ಒಂದು ಸಲ ನೋಡಿಬಿಡೋಣವಾ?"

ಗೂಡಿನ ಸುತ್ತ ನಿಂತಿದ್ದವರೆಲ್ಲ ಒಟ್ಟಿಗೇ ಚಪ್ಪಲಿಗೆ ಕೈ ಹಾಕಿದರು. ಎಲ್ಲರಿಗಿಂತ ಮೊದಲು ಚಿಕ್ಕಮ್ಮ.