ಆಡದ ಮಾತಿನ ಪಕ್ಕದಲ್ಲಿ ನಾನು

ಯಾರ ಮುಂದೂ ಬಾಯಿಬಿಡದ ಸಣ್ಣದೊಂದು ಅಳುಕು ನನಗಿದೆ. ನಾನು ನಿಂತ ಕಡೆಯಲ್ಲೆಲ್ಲ ಜನ ನಂಬಿಬಿಡುತ್ತಾರೆ. ನಂಬುವ ಮುನ್ನ ನನ್ನ ಮುಖವನ್ನೂ ನೋಡುವುದಿಲ್ಲ.

ನಾನೊಂದು ಕ್ರಿಯಾಪದ. ಹೆಸರು 'ಹೇಳು'. ನನ್ನನ್ನು ಯಾವ ಕಮ್ಮಾರನೂ ಕಾಯಿಸಿ ಬಡಿಯಲಿಲ್ಲ. ಅತ್ತು ಕೆಂಪಾದ ಕೂಸನ್ನು ತೊಡೆಯ ಮೇಲಿಟ್ಟುಕೊಂಡ ಯಾವಳೋ ತಾಯಿ, "ಏನಾತು ಹೇಳು, ನನ್ನ ಬಂಗಾರ" ಎಂದಾಗ ಹುಟ್ಟಿದೆ. ಬಹುಕಾಲ ಬಾಯಿಂದ ಬಾಯಿಗೆ ಓಡಾಡಿಕೊಂಡಿದ್ದೆ. ಆಮೇಲೆ ಪತ್ರಿಕೆಯವರ ಕೈಗೆ ಬಿದ್ದೆ.

ಗದಗಿನ ಒಂದು ವಾರಪತ್ರಿಕೆಯಲ್ಲಿ ನನಗೆ ಕೈತುಂಬ ಕೆಲಸ. ಸಿನಿಮಾ ಪುಟದಲ್ಲಿ ನಟಿ ನಗದಿದ್ದರೂ 'ನಗುತ್ತ ಹೇಳಿದರು'. ಭವಿಷ್ಯದ ಪುಟದಲ್ಲಿ ಶನಿಯ ಬಾಯಲ್ಲೂ ಹೇಳಿಸುತ್ತಿದ್ದರು. ಗುಮಾನಿಯ ಸುದ್ದಿ ಬಂದರೆ 'ಹೇಳಲಾಗಿದೆ' ಎಂಬ ಉದ್ದ ನಿಲುವಂಗಿ ತೊಡಿಸುತ್ತಿದ್ದರು. ಅದರೊಳಗೆ ಹೇಳಿದವರ ಮುಖವೇ ಕಾಣುತ್ತಿರಲಿಲ್ಲ. ಅಡುಗೆ ಪುಟದಲ್ಲಿ ಮಾತ್ರ ವಿಶ್ರಾಂತಿ. ಅಲ್ಲಿ ಹುರಿಯುತ್ತಾರೆ, ಅರೆಯುತ್ತಾರೆ, ಅಷ್ಟೆ.

ಆ ಕಚೇರಿಗೆ ನೀಲಗಂಗಾ ಹೊಸದಾಗಿ ಬಂದಳು. ಪದವಿ ಮುಗಿಸಿದ ಹುಡುಗಿ. ದನಿ ಮೇಜಿನ ಅಂಚು ದಾಟುತ್ತಿರಲಿಲ್ಲ. "ಏನವಾ, ಬಾಯಾಗ ಬೆಲ್ಲ ಇಟಗೊಂಡೀಯೇನು?" ಎಂದು ಸಂಪಾದಕ ವೀರಭದ್ರಪ್ಪನವರು ಕಾಡಿಸುತ್ತಿದ್ದರು. ಅವಳು ತಲೆ ತಗ್ಗಿಸುತ್ತಿದ್ದಳು.

ಅದೇ ತಿಂಗಳು ಊರಿನ ಹತ್ತಿ ಮಿಲ್ಲಿನಲ್ಲಿ ಹಗ್ಗ ಬಿಗಿದು ಒಟ್ಟಿದ್ದ ಅಂಡಿಗೆಗಳು, ಹತ್ತಿಯ ದೊಡ್ಡ ಮೂಟೆಗಳು, ಕುಸಿದು ಒಬ್ಬ ಹಮಾಲ ಸತ್ತ. ಹಗ್ಗ ಸವೆದಿದೆಯೆಂದು ಗಂಡ ಮೊದಲೇ ತಿಳಿಸಿದ್ದರೂ ಮಿಲ್ಲಿನವರು ಬದಲಿಸಲಿಲ್ಲ ಎಂದು ಅವನ ಹೆಂಡತಿ ಫಕೀರವ್ವ ಠಾಣೆಗೆ ದೂರು ಕೊಟ್ಟಳು. ವರದಿಗೆಂದು ನೀಲಗಂಗಾ ಅವಳ ಮನೆಗೆ ಹೋದಳು. ಫಕೀರವ್ವ ಒಂದು ಚೊಂಬು ನೀರು ತಂದಿಟ್ಟು, ಗೋಡೆ ನೋಡುತ್ತ ಕೂತಳು. ಒಂದು ಮಾತೂ ಆಡಲಿಲ್ಲ. ನೀಲಗಂಗಾ ಹಿಂತಿರುಗಿ ಅಷ್ಟನ್ನೇ ಬರೆದಳು.

ಆದರೆ ಆ ಪತ್ರಿಕೆಯಲ್ಲೊಂದು ವಾಡಿಕೆ. ನೊಂದವರ ವರದಿಯ ನಡುವೆ ಗೆರೆ ಹೊಡೆದ ಚೌಕ, ಅದರೊಳಗೆ ಅವರದೇ ಮಾತು. ಮಾತಾಡದವರಿಗೆ ಸಂಪಾದಕರೇ ಒಂದು ಮಾತು ಬರೆದುಕೊಡುತ್ತಿದ್ದರು.

"ಚೌಕ ಖಾಲಿ ಬಿಡಾಕ ಬರತೈತೇನವಾ? ಛಲೋ ಮಾತ ಬರದ್ರ ಯಾರ ಜಗಳಕ್ಕ ಬರ್ತಾರ?" ಎನ್ನುತ್ತ ವೀರಭದ್ರಪ್ಪನವರು ಗೀಚಿದರು: 'ನನಗ ಯಾರ ಮ್ಯಾಲೂ ಸಿಟ್ಟಿಲ್ಲ. ಎಲ್ಲಾ ದೇವರಿಚ್ಛಾ' ಎಂದು ಫಕೀರವ್ವ ಕಣ್ಣೊರೆಸಿಕೊಂಡು ಹೇಳಿದರು.

ಶನಿಯ ಬಾಯಲ್ಲಿ ನಿಂತಾಗಲೂ ಹೀಗೆ ಬೆವರಿರಲಿಲ್ಲ. ಕಣ್ಣು ಒರೆಸದವಳ, ತುಟಿ ಬಿಚ್ಚದವಳ ಪಕ್ಕದಲ್ಲಿ ನನ್ನನ್ನು ಸಾಕ್ಷಿಯ ಹಾಗೆ ನಿಲ್ಲಿಸಿದ್ದರು! ನೀಲಗಂಗಾ ಎಂದಿನಂತೆ ತಲೆ ತಗ್ಗಿಸಿದಳು. ಪುಟ ಅಚ್ಚಿಗೆ ಹೋಯಿತು.

ಮುಂದಿನ ವಾರ ಮಿಲ್ಲಿನ ಮ್ಯಾನೇಜರು ಪೇಡೆಯ ಡಬ್ಬಿ ಹಿಡಿದು ಬಂದರು. "ನಿಮ್ಮ ಪತ್ರಿಕಾ ಇನಸ್ಪೆಕ್ಟರಿಗೆ ತೋರಿಸೇವ್ರಿ. ಸಿಟ್ಟಿಲ್ಲಂತ ಆಕೀನ ಹೇಳ್ಯಾಳ, ಇನ್ನ ದೂರು ಯಾಕಂತ ಅವರೂ ಅಂದ್ರು. ಇವತ್ತ ಕೇಸ ಮುಗಸ್ತಾರಂತ."

ಅವರ ಮಾತು ಮುಗಿಯುವ ಮೊದಲೇ ಫಕೀರವ್ವ ಬಾಗಿಲಲ್ಲಿದ್ದಳು. ಕೈಯಲ್ಲಿ ಅದೇ ಪುಟ.

"ನಾ ಯಾವಾಗ ಹೇಳಿದ್ನೋ ಯಪ್ಪಾ? ಓಣಿ ಮಂದಿ ಎಲ್ಲಾ ನನ್ನ ಮುಖಕ್ಕ ಉಗುಳಾಕತ್ತಾರ, ಗಂಡನ್ನ ಮಾರಕೊಂಡಿ ಅಂತ!"

ವೀರಭದ್ರಪ್ಪನವರು ಮೆತ್ತಗೆ ಅಂದರು: "ದುಃಖದಾಗ ಏನ ಅಂದೀ ಅಂತ ನಿನಗ ಹ್ಯಾಂಗ ನೆನಪಿರತೈತಿ, ತಂಗೆವ್ವಾ? ಅಂದಿ, ಮರತಿ."

ಅಚ್ಚಿನ ಮುಂದೆ ಫಕೀರವ್ವನಿಗೆ ತನ್ನ ಬಾಯಿಯ ಮೇಲೇ ಗುಮಾನಿ ಬಂತು. ಅವಳು ಪುಟವನ್ನೊಮ್ಮೆ ನೋಡಿದಳು, ಮ್ಯಾನೇಜರು ಕೊಟ್ಟ ಪೇಡೆ ಹಿಡಿದು ಮೂಲೆಯಲ್ಲಿ ನಿಂತ ನೀಲಗಂಗಾಳನ್ನೊಮ್ಮೆ ನೋಡಿದಳು.

"ಯವ್ವಾ, ನೀ ಅವತ್ತ ಅಲ್ಲೇ ಇದ್ದೆಲ್ಲ. ಅಂದ್ನೇನು ನಾ?"

ಮ್ಯಾನೇಜರು ನಕ್ಕರು. ವೀರಭದ್ರಪ್ಪನವರು ಕಣ್ಣಲ್ಲೇ ಗದರಿದರು. ನೀಲಗಂಗಾ ಪೇಡೆಯನ್ನು ಮೇಜಿನ ಮೇಲಿಟ್ಟಳು. ಪಕ್ಕದ ಕೋಣೆಯಲ್ಲಿ ಕರಡು ತಿದ್ದುತ್ತಿದ್ದವರೂ ಎದ್ದು ಬರುವಷ್ಟು ಗಟ್ಟಿಯಾಗಿ ಅಂದಳು:

"ಇಲ್ಲಕ್ಕಾ. ನೀವು ಒಂದು ಮಾತೂ ಆಡಿಲ್ಲ. ಇದನ್ನ ಬರೆದವ್ರು ನಮ್ಮ ಸರು."