ಟೀಚರ ಎಡಗೈ

ಇಪ್ಪತ್ತೇಳನೆಯ ಮೇಜಿಗೆ ಚೀಟಿ ಅಂಟಿಸುವಷ್ಟರಲ್ಲಿ ಟೇಪು ಮುಗಿದುಹೋಯಿತು. ಟೀಚರು ಸೊಂಟದ ಮೇಲೆ ಕೈಯಿಟ್ಟುಕೊಂಡು ಚರ್ಚಿನ ಸಭಾಂಗಣವನ್ನೊಮ್ಮೆ ನೋಡಿದರು. ಇಪ್ಪತ್ತೇಳು ಮೇಜು, ಇಪ್ಪತ್ತೇಳು ಕುಟುಂಬ. ಪ್ರತಿ ಚೀಟಿಯ ಮೇಲೂ ದಪ್ಪ ಅಕ್ಷರದಲ್ಲಿ ಮನೆತನದ ಹೆಸರು, ಅದರ ಕೆಳಗೆ ಅಜ್ಜ, ಅಜ್ಜಿ, ಅಪ್ಪ, ಅಮ್ಮ, ಮಕ್ಕಳು ಎಂದು ಗೆರೆ ಎಳೆದ ಜಾಗ. ಬರೆದದ್ದೂ ಟೀಚರೇ. ಅಕ್ಷರ ದುಂಡಗಿದೆ ಎಂದು ಆ ಕೆಲಸವೂ ಅವರ ತಲೆಗೇ ಬಿದ್ದಿತ್ತು.

“ಫಾದರ್, ನಾನೆಲ್ಲಿ ಕೂರ್ಲಿ?”

ಮೈಕಿನ ವೈರಿನ ಗಂಟು ಬಿಡಿಸುತ್ತಿದ್ದ ಹೊಸ ಧರ್ಮಗುರುಗಳು ತಲೆಯೆತ್ತಿ ನಕ್ಕರು. ಒಳ್ಳೆಯ ಹುಡುಗ, ನಗುವಿನಲ್ಲಿ ಕಪಟವಿಲ್ಲ.

“ನೀವು ಬಾಗ್ಲ ಹತ್ರ ಕೂತ್ಕೊಳ್ಳಿ ಟೀಚರ್. ಬಂದೋರಿಗೆ ಮೇಜು ತೋರಿಸ್ಬೇಕಲ್ಲ. ನಿಮಗೆ ಅಂತ ಒಂದು ಮೇಜು ಯಾಕೆ? ಎಲ್ಲಾ ಮೇಜೂ ನಿಮ್ದೇ!”

ಎಲ್ಲವೂ ನಿಮ್ಮದೇ ಎಂದರೆ ಯಾವುದೂ ನಿಮ್ಮದಲ್ಲ ಎಂದು. ಅಷ್ಟು ತಿಳಿಯದ ಪ್ರಾಯವೇ ಟೀಚರದು? ಅರವತ್ತೆಂಟು ದಾಟಿತ್ತು. “ಆಯ್ತು ಫಾದರ್” ಎಂದು ಬಾಗಿಲ ಬಳಿಯ ಸಣ್ಣ ಮೇಜಿಗೆ ಹೋಗಿ, ಬಿಸ್ಕತ್ತಿನ ಡಬ್ಬಗಳನ್ನು ಪಕ್ಕಕ್ಕೆ ಸರಿಸಿ ಕೂತರು.

ಟೀಚರೆಂದರೆ ಅವರೇನು ಶಾಲೆಯ ಟೀಚರಲ್ಲ. ವಾರದ ದಿನಗಳಲ್ಲಿ ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುತ್ತಿದ್ದವರು. ಭಾನುವಾರ ಚರ್ಚಿನಲ್ಲಿ ಬಲಿಪೂಜೆ ಮುಗಿದ ಮೇಲೆ ಒಂದು ಗಂಟೆ ಮಕ್ಕಳಿಗೆ ಧರ್ಮೋಪದೇಶ ಹೇಳುತ್ತಿದ್ದರು. ಆ ಒಂದು ಗಂಟೆಗೇ ಈ ಹೆಸರು ಅಂಟಿಕೊಂಡು, ಕಚೇರಿಯವರೂ ಹಾಲಿನವನೂ ಹಾಗೇ ಕರೆಯತೊಡಗಿ, ನಿಜವಾದ ಹೆಸರು ಪಿಂಚಣಿಯ ಪುಸ್ತಕದಲ್ಲಷ್ಟೇ ಉಳಿದಿತ್ತು. ಮೂವತ್ತೆಂಟು ವರ್ಷ ಹೇಳಿದರು. ಮದುವೆಯಾಗಲಿಲ್ಲ. ಯಾಕೆ ಆಗಲಿಲ್ಲವೆಂದು ಕೇಳುವವರು ಮೊದಲೆಲ್ಲ ಇದ್ದರು. ಆಮೇಲೆ ಅವರೂ ಇಲ್ಲವಾದರು.

ಈ ವರ್ಷ ಹೊಸ ಧರ್ಮಗುರುಗಳು ಬಂದು ಭಾನುವಾರದ ತರಗತಿಯನ್ನೇ ನಿಲ್ಲಿಸಿದರು. ನಂಬಿಕೆ ಮನೆಯಲ್ಲಿ ಮೊಳೆಯಬೇಕು, ಮಕ್ಕಳಿಗೆ ತಂದೆತಾಯಿಯೇ ಕಲಿಸಬೇಕು, ತಿಂಗಳಿಗೊಮ್ಮೆ ಅಜ್ಜ ಅಜ್ಜಿಯರಿಂದ ಹಿಡಿದು ಕೂಸಿನವರೆಗೆ ಇಡೀ ಮನೆ ಒಟ್ಟಿಗೆ ಬಂದು ಒಂದು ಮೇಜಿಗೆ ಕೂರಬೇಕು. ಅವರು ಹೇಳಿದ್ದರಲ್ಲಿ ಟೀಚರಿಗೆ ಒಂದು ತಪ್ಪೂ ಸಿಗಲಿಲ್ಲ. ಸಿಗಲಿಲ್ಲವೆಂದೇ ಹೆಚ್ಚು ಸಿಟ್ಟು ಬಂತು. ಅವರ ತರಗತಿಯ ಕೋಣೆಯಲ್ಲಿ ಈಗ ಮಡಿಚುವ ಕುರ್ಚಿಗಳನ್ನು ಪೇರಿಸಿಟ್ಟಿದ್ದರು. ಕರಿಹಲಗೆಯ ಮೇಲೆ ಕೊನೆಯ ಭಾನುವಾರ ಬರೆದದ್ದು ಅರ್ಧ ಹಾಗೇ ಇತ್ತು.

ಅದಾದ ಮೇಲೆ ಭಾನುವಾರಗಳು ಉದ್ದವಾದವು. ಹನ್ನೊಂದಕ್ಕೆಲ್ಲ ಮನೆ ಸೇರಿ, ಪಾತ್ರೆ ತೊಳೆದು, ತೊಳೆದ ಪಾತ್ರೆಯನ್ನೇ ಮತ್ತೊಮ್ಮೆ ತೊಳೆದರೂ ಮಧ್ಯಾಹ್ನವಾಗುತ್ತಿರಲಿಲ್ಲ. ಒಂದೇ ಕೋಣೆ, ಒಂದು ಕಿಟಕಿ, ಎರಡು ಕುರ್ಚಿ. ಎರಡನೆಯ ಕುರ್ಚಿಯ ಮೇಲೆ ಇಸ್ತ್ರಿಯ ಬಟ್ಟೆ ಕೂತಿರುತ್ತಿತ್ತು.

ಆ ಬಟ್ಟೆಯನ್ನು ಎತ್ತಿಸಿದವನು ಕಡ್ಡಿ. ಒಂದು ಬುಧವಾರ ಸಂಜೆ ಬಸ್ ಡ್ರೈವರನ ಯೂನಿಫಾರ್ಮಿನಲ್ಲೇ ಬಂದು ಬಾಗಿಲಲ್ಲಿ ನಿಂತ. ಎಂಟು ವರ್ಷದ ಸಣಕಲನಾಗಿ ತರಗತಿಗೆ ಬಂದಾಗ ಟೀಚರೇ ಇಟ್ಟ ಹೆಸರು ಅದು. ಈಗ ಸ್ಟೇರಿಂಗಿಗೂ ಸೀಟಿಗೂ ನಡುವೆ ಉಸಿರು ಬಿಗಿಹಿಡಿದು ಕೂರುವಂಥ ಆಳು.

“ಏನೋ ಕಡ್ಡಿ, ಬಾಗಿಲು ಸಾಕಾಗತ್ತೇನೋ ನಿಂಗೆ?”

“ಟೀಚರ್, ನಗಬೇಡಿ. ಮಗಳಿಗೆ ಈ ವರ್ಷ ಮೊದಲ ಪರಮಪ್ರಸಾದ. ಅದಕ್ಕೆ ಮೊದ್ಲು ಪ್ರಾರ್ಥನೆ ಎಲ್ಲಾ ಬರ್ಬೇಕು. ಫಾದರ್ ನೋಡಿದ್ರೆ ಮನೇಲೇ ಕಲಿಸಿ ಅಂತಾರೆ. ಹೆಂಡ್ತಿ ನರ್ಸು, ಭಾನುವಾರವೂ ಡ್ಯೂಟಿ. ನಂಗೆ ಒಂದು ಪ್ರಾರ್ಥನೆನೂ ನೆಟ್ಟಗೆ ಬರಲ್ಲ. ಮಗಳು ನನ್ನ ಮುಖ ನೋಡ್ತಾಳೆ, ನಾನು ಗೋಡೆ ನೋಡ್ತೀನಿ.”

ಟೀಚರು ಇಸ್ತ್ರಿಯ ಬಟ್ಟೆಯನ್ನು ಮಂಚಕ್ಕೆ ಎತ್ತಿಹಾಕಿ ಅವನನ್ನು ಎದುರಿಗೆ ಕೂರಿಸಿಕೊಂಡರು. ಮೊದಲು ಶಿಲುಬೆಯ ಗುರುತು. ಅವರು ಎಡಗೈ ಎತ್ತಿದರು: ಹಣೆ, ಎದೆ, ಬಲ ಭುಜ, ಎಡ ಭುಜ.

“ಟೀಚರ್, ಎಡಗೈ!”

“ನಾನು ನಿನ್ನ ಕನ್ನಡಿ ಕಣೋ, ದಡ್ಡ. ಎದುರಿಗೆ ನಿಂತು ನಾನು ಬಲಗೈ ಎತ್ತಿದ್ರೆ ನೀನು ಎಡಗೈ ಎತ್ತುತ್ತೀಯ. ನಲವತ್ತು ಮಕ್ಕಳು ಒಂದು ಕೋಣೇಲಿ. ಒಬ್ಬೊಬ್ಬರ ಕೈ ಹಿಡಿದು ಕಲಿಸೋಕೆ ಆಗ್ತಿತ್ತಾ? ನೋಡು, ಹಾಗೇ ಮಾಡು.”

ಅವನು ನೋಡಿದ, ಬಲಗೈ ಎತ್ತಿದ, ಸರಿಯಾಗಿ ಬಂತು. ಆ ದಪ್ಪ ಕೈ ಎಂಟು ವರ್ಷದ ಕೈಯಂತೆಯೇ ಹಣೆಯ ಬಳಿ ಒಂದು ಕ್ಷಣ ಅನುಮಾನಿಸಿ ಮುಂದೆ ಹೋಯಿತು. ಟೀಚರು ಟೀ ಮಾಡುವ ನೆಪದಲ್ಲಿ ಎದ್ದುಹೋದರು.

ನಾಲ್ಕು ಬುಧವಾರ ಬಂದ. ಪ್ರಾರ್ಥನೆಯ ಜೊತೆಗೆ ಮನೆಯ ಮಾತೂ ಬಂತು. ಅವನ ಅಮ್ಮನಿಗೆ ಮರೆವು. ಲಾಂಡ್ರಿಯಲ್ಲಿ ದುಡಿದು ಮಗನನ್ನು ಸಾಕಿದವಳು. ಭಾನುವಾರವೂ ಕೆಲಸವಿರುತ್ತಿದ್ದರಿಂದ ಹುಡುಗನನ್ನು ಚರ್ಚಿನ ಗೇಟಿನಲ್ಲಿ ಬಿಟ್ಟು ಓಡುತ್ತಿದ್ದವಳು. ಆ ಓಟ ಟೀಚರಿಗೆ ಚೆನ್ನಾಗಿ ನೆನಪಿತ್ತು.

“ಈಗ ನನ್ನ ಗುರುತೇ ಸಿಗಲ್ಲ ಟೀಚರ್. ಊಟ ಹಾಕಿದ್ರೆ ‘ನೀವು ಉಂಡ್ರಾ ಸಾರ್?’ ಅಂತಾಳೆ. ನನ್ನ ಅಮ್ಮ, ನಂಗೆ ಸಾರ್ ಅಂತಾಳೆ. ಒಂದು ವರ್ಷ ಆಯ್ತು, ‘ಮಗಾ’ ಅಂತ ಕರೆದು.”

ಟೀಚರು ಅವನ ಲೋಟಕ್ಕೆ ಇನ್ನಷ್ಟು ಟೀ ಬಗ್ಗಿಸಿದರು.

ಕೊನೆಯ ಬುಧವಾರ, ಚಪ್ಪಲಿ ಮೆಟ್ಟುತ್ತ ಅವನೇ ಹೇಳಿದ: “ಈ ಭಾನುವಾರದ ಕೂಟಕ್ಕೆ ಫಾದರ್ ಒಂದು ಪ್ರಶ್ನೆ ಇಟ್ಟಿದ್ದಾರಂತೆ. ‘ನಿಮಗೆ ಶಿಲುಬೆಯ ಗುರುತು ಮೊದಲು ಕಲಿಸಿದವರು ಯಾರು?’ ಅಂತ. ಪ್ರತಿ ಮನೆಯವರೂ ಮುಂದೆ ಹೋಗಿ ಮೈಕಲ್ಲಿ ಹೇಳ್ಬೇಕು. ನಾನು ನಿಮ್ಮನ್ನೇ ಹೇಳ್ತೀನಿ ಟೀಚರ್. ನಾಲ್ಕು ಜನದ ಮುಂದೆ ಹೇಳ್ತೀನಿ.”

“ಹೋಗೋ, ಹೋಗು. ದೊಡ್ಡ ಭಾಷಣಕಾರ” ಎಂದು ಗದರಿ ಕಳಿಸಿದರು. ಬಾಗಿಲು ಹಾಕಿಕೊಂಡವರೇ ಕಪಾಟು ತೆಗೆದು, ಎತ್ತಿಟ್ಟಿದ್ದ ನೀಲಿ ಬಟ್ಟೆಯನ್ನು ಹೊರಗಿಟ್ಟರು. ನಾಲ್ಕು ದಿನದಲ್ಲಿ ಅದಕ್ಕೆ ಎರಡು ಸಲ ಇಸ್ತ್ರಿಯಾಯಿತು.

ಈಗ ಆ ನೀಲಿ ಬಟ್ಟೆಯಲ್ಲಿ, ಬಾಗಿಲ ಬಳಿ ಕೂತು, ಬಂದವರಿಗೆಲ್ಲ ಮೇಜು ತೋರಿಸಿದರು. “ಟೀಚರ್, ಚೆನ್ನಾಗಿದ್ದೀರಾ?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಎಲ್ಲರೂ ತಮ್ಮ ತಮ್ಮ ಮೇಜಿಗೆ ಹೋದರು. ಕಡ್ಡಿ ಒಂದು ಕೈಯಲ್ಲಿ ಅಮ್ಮನನ್ನೂ ಇನ್ನೊಂದರಲ್ಲಿ ಮಗಳನ್ನೂ ಹಿಡಿದುಕೊಂಡು ಬಂದ. ಮಗಳಿಗೆ ಎರಡು ಜಡೆ, ಮುಂದಿನ ಒಂದು ಹಲ್ಲಿಲ್ಲ. ಕಡ್ಡಿ ಟೀಚರ ಕಡೆ ಕಣ್ಣು ಮಿಟುಕಿಸಿದ. ಟೀಚರು ಮುಖ ಗಂಟಿಕ್ಕಿಕೊಂಡು ಬಿಸ್ಕತ್ತಿನ ಡಬ್ಬ ಸರಿಮಾಡಿದರು.

ಕಾರ್ಯಕ್ರಮ ಶುರುವಾಯಿತು. ಒಂದೊಂದೇ ಮನೆಯವರು ಎದ್ದು ವೇದಿಕೆಯ ಮುಂದೆ ಸಭೆಗೆ ಮುಖ ಮಾಡಿ ನಿಂತರು. “ನಂಗೆ ಕಲಿಸಿದ್ದು ನಮ್ಮಜ್ಜಿ.” “ನಮ್ಮಪ್ಪ.” “ನಮ್ಮ ದೊಡ್ಡಮ್ಮ.” ಟೀಚರು ಕುಳಿತಲ್ಲೇ ಲೆಕ್ಕ ಹಾಕಿದರು. ಈ ಬಡಗಿ ತಮ್ಮ ತರಗತಿಯಲ್ಲಿ ಮೂರು ವಾರ ಎಡಗೈಯಲ್ಲೇ ಮಾಡುತ್ತಿದ್ದ. ಔಷಧದ ಅಂಗಡಿಯವಳು ಎದೆ ಮುಟ್ಟುವುದನ್ನೇ ಮರೆಯುತ್ತಿದ್ದಳು. ಅಜ್ಜಿಯಂತೆ, ದೊಡ್ಡಮ್ಮನಂತೆ! ಇವರೆಲ್ಲ ಸುಳ್ಳೇನೂ ಹೇಳುತ್ತಿಲ್ಲ. ಅವರಿಗೆ ನೆನಪಿರುವುದೇ ಹಾಗೆ. ಕರಿಹಲಗೆಯ ಮುಂದೆ ನಿಂತಿದ್ದವರು ಯಾರ ನೆನಪಿನಲ್ಲಿರುತ್ತಾರೆ? ಟೀಚರಿಗೆ ತಮ್ಮದೇ ನೆನಪಾಯಿತು. ಅರವತ್ತು ಹುಡುಗಿಯರ ಅನಾಥಾಲಯದಲ್ಲಿ, ಕೊನೆಯ ಸಾಲಿನಲ್ಲಿ ನಿಂತು, ಮುಂದಿದ್ದವರ ಮೊಣಕೈ ಏಳುವುದನ್ನೂ ಇಳಿಯುವುದನ್ನೂ ನೋಡಿ ಕಲಿತದ್ದು. ಆ ಮೈಕು ತನ್ನ ಕೈಗೆ ಬಂದರೆ ಯಾರ ಹೆಸರು ಹೇಳುವುದು? ಮೊಣಕೈಗಳು ಎನ್ನಬೇಕಷ್ಟೆ.

ಕಡ್ಡಿಯ ಸರದಿ ಬಂತು. ಅಮ್ಮನನ್ನು ಎಡಕ್ಕೆ, ಮಗಳನ್ನು ಬಲಕ್ಕೆ ನಿಲ್ಲಿಸಿಕೊಂಡು ಮೈಕು ಹಿಡಿದ. ಸಭೆಯ ಬೆನ್ನುಗಳನ್ನೆಲ್ಲ ದಾಟಿ ನೇರವಾಗಿ ಬಾಗಿಲ ಕಡೆ ನೋಡಿದ.

“ನಂಗೆ ಮೊದಲು ಕಲಿಸಿದೋರು…” ಎಂದ.

ಅವನ ಅಮ್ಮ ಅವನ ತೋಳಿನ ಬಟ್ಟೆ ಹಿಡಿದೆಳೆದಳು. ಮುಖವೆತ್ತಿ ಅವನನ್ನೇ ನೋಡಿದಳು. “ನಾನೇ ಅಲ್ವಾ ಮಗಾ?” ಎಂದಳು.

ಮೈಕಿನಲ್ಲಿ ಎಲ್ಲರಿಗೂ ಕೇಳಿಸಿತು. ಕಡ್ಡಿ ಒಮ್ಮೆ ಅಮ್ಮನನ್ನು, ಒಮ್ಮೆ ಬಾಗಿಲನ್ನು ನೋಡಿದ. ಕಣ್ಣು ತುಂಬಿ ಬಂದಿದ್ದು ಇಷ್ಟು ದೂರದಿಂದಲೂ ಕಂಡಿತು.

“ಹೌದಮ್ಮ” ಎಂದ. “ನಮ್ಮಮ್ಮ. ನಂಗೆ ಕಲಿಸಿದ್ದು ನಮ್ಮಮ್ಮ.”

ಟೀಚರಿಗೆ ಹೊಟ್ಟೆ ಉರಿಯಿತು. ಸುಳ್ಳೇಕೆ ಹೇಳಬೇಕು, ಉರಿಯಿತು. ಅವನು ಬೇರೇನು ಹೇಳಬೇಕಿತ್ತು ಎಂದು ಅವರ ಬುದ್ಧಿಯೇ ಅವರನ್ನು ಕೇಳಿತು, ಆದರೂ ಉರಿಯಿತು. ಎರಡು ಸಲ ಇಸ್ತ್ರಿ ಮಾಡಿದ ಬಟ್ಟೆಯ ಮೇಲೆ ಬಿದ್ದಿದ್ದ ಬಿಸ್ಕತ್ತಿನ ಪುಡಿಯನ್ನು ಕೊಡವಿಕೊಂಡರು.

ಧರ್ಮಗುರುಗಳಿಗೆ ಉತ್ಸಾಹ ಬಂದುಬಿಟ್ಟಿತು. “ಅಜ್ಜಿ! ಹಾಗಾದ್ರೆ ಮೊಮ್ಮಗಳಿಗೂ ನೀವೇ ತೋರಿಸಿಬಿಡಿ. ಎಲ್ಲರೂ ನೋಡೋಣ.”

ಮುದುಕಿ ಕೈಯೆತ್ತಿದಳು. ಕೈ ಕಿವಿಯ ಬಳಿ ಹೋಗಿ ನಿಂತಿತು. ಅಲ್ಲಿಂದ ಕೂದಲಿಗೆ, ಕೂದಲಿನಿಂದ ಗಾಳಿಗೆ. ಮುಂದೆ ಎಲ್ಲಿ ಹೋಗಬೇಕೆಂದು ತಿಳಿಯದೆ ಬೆರಳುಗಳು ತಡಕಾಡಿದವು. ಯಾವುದೋ ಮೇಜಿನಲ್ಲಿ ಒಂದು ಮಗು ಕಿಸಕ್ಕೆಂದಿತು. ಕಡ್ಡಿ ಮೈಕು ಹಿಡಿದುಕೊಂಡೇ ನಿಂತಿದ್ದ. ಮುದುಕಿಯ ಮುಖದಲ್ಲಿದ್ದ ಆಗಿನ ಬೆಳಕು ಇಳಿಯತೊಡಗಿತು. ಇನ್ನೊಂದು ಕ್ಷಣ ಬಿಟ್ಟರೆ ಅವನು ಮತ್ತೆ ಸಾರ್ ಆಗಿಬಿಡುತ್ತಿದ್ದ.

ಸುಮ್ಮನೆ ಕೂತಿದ್ದರೂ ಟೀಚರನ್ನು ಯಾರೂ ಕೇಳುತ್ತಿರಲಿಲ್ಲ. ಅವರು ಎದ್ದು ನಿಂತರು. ಎಲ್ಲರ ಬೆನ್ನೂ ಅವರ ಕಡೆಗಿತ್ತು. ಮುದುಕಿಯ ಅಲೆಯುವ ಕಣ್ಣು ಸಭೆಯ ಮೇಲೆಲ್ಲ ಸುತ್ತಿ ಬಾಗಿಲ ಬಳಿ, ನಿಂತಿದ್ದ ಒಬ್ಬಳೇ ಹೆಂಗಸಿನ ಮೇಲೆ ಬಿತ್ತು. ಟೀಚರು ನಿಧಾನಕ್ಕೆ ಎಡಗೈ ಎತ್ತಿದರು. ಹಣೆ. ಮುದುಕಿಯ ಬಲಗೈ ಹಣೆಗೆ ಹೋಯಿತು. ಎದೆ. ಎದೆ. ಬಲ ಭುಜ, ಅಲ್ಲಿ ಅದು ಎಡ ಭುಜವಾಯಿತು. ಎಡ ಭುಜ, ಅಲ್ಲಿ ಬಲ. ಕೈ ಜೋಡಿಸಿದರು. ಮುದುಕಿಯೂ ಜೋಡಿಸಿದಳು.

ಸಭಾಂಗಣವೆಲ್ಲ ಚಪ್ಪಾಳೆ. ಕಡ್ಡಿ ಅಮ್ಮನನ್ನು ತಬ್ಬಿಕೊಂಡ. ಟೀಚರು ಕೂತು, ಬಿಸ್ಕತ್ತಿನ ಡಬ್ಬದ ಮುಚ್ಚಳ ತೆಗೆದು, ಸುಮ್ಮನೆ ಮತ್ತೆ ಮುಚ್ಚಿದರು.

ಎಲ್ಲ ಮುಗಿದು ಜನ ಚದುರುವಾಗ ಅವನು ಬಂದು ಮೇಜಿನ ಮುಂದೆ ತಲೆತಗ್ಗಿಸಿ ನಿಂತ. “ಟೀಚರ್…”

“ನಿಂತ್ಕೊಂಡು ಏನು ನೋಡ್ತೀಯ? ಅಮ್ಮನ್ನ ಬಿಸಿಲಲ್ಲಿ ನಿಲ್ಲಿಸಬೇಡ. ಹೋಗಿ ಬಸ್ಸೋ ಆಟೋನೋ ನೋಡು.”

“ನಾನು ನಿಮ್ಮನ್ನ ಹೇಳ್ಬೇಕು ಅಂತಾನೇ…”

“ಗೊತ್ತು ಕಣೋ. ಹೋಗು.”

ಅವನು ಹೋದ. ಬುಧವಾರ ಬರುತ್ತೇನೆ ಎನ್ನಲಿಲ್ಲ. ಬರುವ ಕೆಲಸವೂ ಇನ್ನಿರಲಿಲ್ಲ. ಟೀಚರು ಮೇಜುಗಳ ಚೀಟಿಗಳನ್ನು ಒಂದೊಂದಾಗಿ ಕಿತ್ತು ಕೈಯಲ್ಲಿ ಜೋಡಿಸಿಕೊಳ್ಳುತ್ತ ಬಂದರು. ಹನ್ನೆರಡನೆಯ ಮೇಜಿನ ಬಳಿ ಯಾರೋ ಬಟ್ಟೆ ಜಗ್ಗಿದರು. ಎರಡು ಜಡೆ, ಇಲ್ಲದ ಹಲ್ಲು. ಕಡ್ಡಿಯ ಮಗಳು.

“ಅಜ್ಜಿ, ಒಂದು ಹೇಳ್ಲಾ? ಬೇಜಾರು ಮಾಡ್ಕೋಬಾರ್ದು.”

“ಹೇಳವ್ವ.”

ಹುಡುಗಿ ಸುತ್ತ ನೋಡಿ, ಧ್ವನಿ ತಗ್ಗಿಸಿದಳು. “ನೀವು ಎಡಗೈಲಿ ಮಾಡಿದ್ರಿ. ನಾನು ಅಲ್ಲಿಂದ ನೋಡ್ದೆ. ಎಡಗೈಲಿ ಮಾಡ್ಬಾರ್ದು. ಭುಜಾನೂ ಉಲ್ಟಾ ಮಾಡಿದ್ರಿ.”

ಟೀಚರು ಬಾಯಿ ತೆರೆದರು. ಕನ್ನಡಿಯ ಮಾತು ನಾಲಿಗೆಯ ತುದಿಯವರೆಗೆ ಬಂದಿತ್ತು.

“ನಿಮಗೆ ಯಾರೂ ಹೇಳಿಕೊಟ್ಟಿಲ್ವಾ?” ಎಂದಳು ಹುಡುಗಿ, ಅಯ್ಯೋ ಎನ್ನುವ ಮುಖ ಮಾಡಿ.

“ಇಲ್ಲ ಮಗು” ಎಂದರು ಟೀಚರು. “ಯಾರೂ ಹೇಳಿಕೊಟ್ಟಿಲ್ಲ.”

“ಕೊಡಿ ಇಲ್ಲಿ. ನಮ್ಮಪ್ಪ ನಂಗೆ ಹೀಗೇ ಹಿಡ್ಕೊಂಡು ಕಲಿಸಿದ್ದು.” ಹುಡುಗಿ ಅವರ ಕೈಯಲ್ಲಿದ್ದ ಚೀಟಿಗಳನ್ನು ಮೇಜಿನ ಮೇಲಿಟ್ಟು, ಬಲಗೈ ಹಿಡಿದಳು. ಪುಟ್ಟ ಕೈ, ಬಿಸ್ಕತ್ತು ತಿಂದ ಅಂಟು ಇನ್ನೂ ಇತ್ತು. ಎತ್ತರ ಸಾಲದೆ ತುದಿಗಾಲಲ್ಲಿ ನಿಂತಳು, ಟೀಚರು ಬಗ್ಗಿದರು. “ಪಿತನ… ಸುತನ… ನಿಧಾನ, ಅವಸರ ಮಾಡ್ಬೇಡಿ… ಪವಿತ್ರಾತ್ಮರ… ನಾಮದಲ್ಲಿ… ಆಮೆನ್. ಬಂತಾ?”

“ಇನ್ನೊಂದು ಸಲ ಹೇಳಿಕೊಡು” ಎಂದರು ಟೀಚರು. “ವಯಸ್ಸಾಯ್ತು ನೋಡು, ಬೇಗ ತಲೆಗೆ ಹೋಗಲ್ಲ.”

ಹುಡುಗಿ ದೊಡ್ಡವರಂತೆ ನಿಟ್ಟುಸಿರು ಬಿಟ್ಟು ಮತ್ತೆ ಹಣೆಯಿಂದ ಶುರುಮಾಡಿದಳು. ಹಣೆ, ಎದೆ, ಎಡ ಭುಜ. ಗೇಟಿನ ಕಡೆಯಿಂದ ಅವಳಪ್ಪ ಕೂಗಿದ. ಕೈಯನ್ನು ಬಲ ಭುಜದ ಮೇಲೆ ಇಟ್ಟವಳೇ, “ದಿನಾ ಮಾಡಿ, ಮರೀಬೇಡಿ” ಎಂದು ಹೇಳಿ ಓಡಿದಳು.

ಹೊರಗೆ ಆಟೋ ಹೊರಟ ಸದ್ದು ಕೇಳಿಸಿತು. ಧರ್ಮಗುರುಗಳು ದೀಪಗಳನ್ನು ಒಂದೊಂದಾಗಿ ಆರಿಸುತ್ತ ಬಂದು, ಖಾಲಿ ಮೇಜುಗಳ ನಡುವೆ ಟೀಚರು ಇನ್ನೂ ನಿಂತಿರುವುದನ್ನು ಕಂಡು, ಕೊನೆಯ ದೀಪವನ್ನು ಹಾಗೇ ಬಿಟ್ಟರು. ಟೀಚರು ಸ್ವಲ್ಪ ಬಗ್ಗಿಕೊಂಡೇ ಇದ್ದರು. ಬಲಗೈ ಅವಳು ಇಟ್ಟಲ್ಲೇ ಇತ್ತು.